ಪುಸ್ತಕವು ಹುಟ್ಟುವ ಮೊದಲೇ ಬಂದ ಹಣ

ನಮ್ಮ ವಾಚಕರಲ್ಲೊಬ್ಬ ಗೃಹಸ್ಥರು ದೀರ್ಘವಾದ ಪತ್ರವೊಂದನ್ನು ಬರೆದು, ತಮ್ಮ ಮನೆಯಲ್ಲಿ ಎದ್ದಿರುವ ಒಂದು ಪ್ರಶ್ನೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಕೇಳಿರುವರು. ಅವರ ಜ್ಯೇಷ್ಠಪುತ್ರಿಯು ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವಳು. ಸಾಯಂಕಾಲ ಮನೆಗೆ ಬಂದು, ಕಾಫಿ ಕುಡಿದು, ಹಾಸ್ಯದ ಚಿತ್ರಕಥೆಗಳನ್ನು ಬರೆಯುವಳು: ಅತ್ತೆ, ಸೊಸೆ, ನಿಂತುಹೋದ ನಲ್ಲಿ, ಎಲ್ಲವನ್ನೂ ಕಂಡು ಏನನ್ನೂ ಹೇಳದ ಒಂದು ಬೆಕ್ಕು. ನಾಲ್ಕೈದು ವರ್ಷಗಳಿಂದ ಇವು ಅಂತರಜಾಲದಲ್ಲಿ ಪ್ರಕಟವಾಗುತ್ತಿವೆ; ಓದಿ ನಗುವವರು ಸಾವಿರಾರು ಮಂದಿ ಇರುವರಂತೆ. ಈಗ ಅವಳಿಗೆ ಇವನ್ನೆಲ್ಲ ಕೂಡಿಸಿ 160 ಪುಟಗಳ ಪುಸ್ತಕವನ್ನು ತಾನೇ ಅಚ್ಚು ಹಾಕಿಸಿ ಪ್ರಕಟಿಸಬೇಕೆಂದು ಮನಸ್ಸಾಗಿದೆ. ಅದಕ್ಕೆ ಬೇಕಾದ ಹಣವನ್ನು ಓದುಗರಿಂದಲೇ ಮುಂಗಡವಾಗಿ ಪಡೆಯುವುದೆಂದು ನಿಶ್ಚಯಿಸಿರುವಳು. ಇಂಗ್ಲಿಷಿನವರು ಇದನ್ನು ಕ್ರೌಡ್‌ಫಂಡಿಂಗ್ ಎನ್ನುವರು.

ತಂದೆಗೆ ಇದು ಸರಿಬೀಳಲಿಲ್ಲ. ನಮ್ಮ ವಂಶದಲ್ಲಿ ಯಾರೂ ಕೈಯೊಡ್ಡಿದವರಲ್ಲ, ಇದು ಸುಸಂಸ್ಕೃತರ ಭಿಕ್ಷಾಟನೆಯಲ್ಲದೆ ಮತ್ತೇನು, ಬೇಕಾದರೆ ನನ್ನ ನಿವೃತ್ತಿಯ ಹಣದಿಂದ ನಾನೇ ಅಚ್ಚು ಹಾಕಿಸಿಕೊಡುವೆನು ಎಂಬುದು ಅವರ ಮಾತು. ಮಗಳು, ‘ಅಪ್ಪಾ, ನಿಮ್ಮ ಹಣ ನನಗೆ ಬೇಡ, ಓದುವವರ ಹಣ ಬೇಕು’ ಎಂದಳಂತೆ. ಮೂರು ವಾರಗಳಿಂದ ಊಟದ ಹೊತ್ತಿನಲ್ಲಿ ತಂದೆ ಮಕ್ಕಳಿಗೆ ಮಾತಿಲ್ಲವೆಂದು ಬರೆದು, ಪತ್ರವನ್ನು ಮುಗಿಸಿರುವರು.

ಇಂಥ ಮನಸ್ತಾಪದಲ್ಲಿ ಅವಸರದಿಂದ ತೀರ್ಪು ಹೇಳಬಾರದು. ಮೊದಲು ಆ ಹಣಕ್ಕೆ ಹೆಸರೇನು ಎಂಬುದನ್ನು ವಿಚಾರಿಸೋಣ. ಏಕೆಂದರೆ ತಂದೆ ಮಗಳ ವಾದವೆಲ್ಲ ನಿಂತಿರುವುದು ಆ ಹೆಸರಿನ ಮೇಲೆ. ಭಿಕ್ಷೆಯೆಂದರೆ ಕೊಟ್ಟವನಿಗೆ ಪುಣ್ಯದ ಹೊರತು ಮತ್ತೇನೂ ಹಿಂದಿರುಗಿ ಬರಬೇಕಾದುದಿಲ್ಲ. ಇಲ್ಲಿ ಹಾಗಲ್ಲ, ಇಷ್ಟು ಕೊಟ್ಟವನಿಗೆ ಒಂದು ಪುಸ್ತಕ, ಇನ್ನಷ್ಟು ಕೊಟ್ಟವನಿಗೆ ರುಜು ಮಾಡಿದ ಪುಸ್ತಕ ಎಂದು ಮೊದಲೇ ಮಾತು ಕೊಟ್ಟಿರುತ್ತದೆ. ನಮ್ಮ ಸ್ಮೃತಿಕಾರರು ನ್ಯಾಯಸ್ಥಾನಕ್ಕೆ ಬರತಕ್ಕ ವಿವಾದಗಳನ್ನು ಹದಿನೆಂಟು ಪದಗಳಾಗಿ ವಿಂಗಡಿಸಿರುವುದನ್ನು ವಾಚಕರು ಕೇಳಿರಬಹುದು. ಅವುಗಳಲ್ಲಿ ಮೊದಲನೆಯದು ಋಣಾದಾನ. ನಾರದನ ಎಣಿಕೆಯಲ್ಲಿ ‘ವಿಕ್ರೀಯಾಸಂಪ್ರದಾನ’ವೆಂಬ ಇನ್ನೊಂದು ಪದವುಂಟು, ಎಂದರೆ ಬೆಲೆಯನ್ನು ತೆಗೆದುಕೊಂಡು ಮಾರಿದ ಮೇಲೂ ವಸ್ತುವನ್ನು ಒಪ್ಪಿಸದಿರುವುದು. ಮುಂಗಡ ಹಣ ಪಡೆದ ಗ್ರಂಥಕರ್ತನು ತಪ್ಪಿದರೆ ಬಂದು ನಿಲ್ಲುವುದು ಈ ಪದದ ಕೆಳಗೆಂದು ನಮಗೆ ತೋರುತ್ತದೆ. ಆದುದರಿಂದ ಆ ಕನ್ಯೆಯು ಮಾಡಹೊರಟಿರುವುದು ಭಿಕ್ಷಾಟನೆಯಲ್ಲ, ಇನ್ನೂ ಹುಟ್ಟದಿರುವ ವಸ್ತುವಿನ ವಿಕ್ರಯ. ಇದರಲ್ಲಿ ಅವಮಾನವಿಲ್ಲ. ಭಯಪಡಬೇಕಾದ ಸಂಗತಿಯಾದರೋ ಉಂಟು, ಅದನ್ನು ಮುಂದೆ ಹೇಳುವೆವು.

ಹೆಸರು ಹೊಸದಾದರೂ ಪದ್ಧತಿಯು ಹೊಸದಲ್ಲ. ಅಲೆಕ್ಸಾಂಡರ್ ಪೋಪ್ ಕವಿಯು ಹೋಮರನ ಇಲಿಯಡ್ ಮಹಾಕಾವ್ಯವನ್ನು ಇಂಗ್ಲಿಷಿಗೆ ತಂದಾಗ 575 ಮಂದಿ ಚಂದಾದಾರರು ಸಂಪುಟವೊಂದಕ್ಕೆ ಒಂದು ಗಿನಿಯಂತೆ ಹಣಕೊಟ್ಟರು. 1715ರಿಂದ 1720ರ ವರೆಗೆ ಆರು ಸಂಪುಟಗಳು ಬಂದುವು. ಪಂಡಿತ ಸ್ಯಾಮ್ಯುಯೆಲ್ ಜಾನ್ಸನ್ ಇದೇ ರೀತಿ 1756ರಲ್ಲಿ ಷೇಕ್ಸ್‌ಪಿಯರನ ನಾಟಕಗಳಿಗೆ ಚಂದಾ ಎತ್ತಿ, ಮರುವರ್ಷವೇ ಕೊಡುವೆನೆಂದು ಹೇಳಿ, ಕೊಟ್ಟುದು 1765ರಲ್ಲಿ! ಚಂದಾದಾರರ ಪಟ್ಟಿಯ ಮಾತೆತ್ತಿದವನಿಗೆ ಅವನು, ಹೆಸರುಗಳೂ ಕಳೆದುಹೋದುವು, ಹಣವೂ ಖರ್ಚಾಯಿತು ಎಂಬರ್ಥದ ಉತ್ತರವನ್ನು ಕೊಟ್ಟನೆಂದು ಬಾಸ್ವೆಲನು ಅವನ ಚರಿತ್ರೆಯಲ್ಲಿ ಬರೆದಿಟ್ಟಿರುವನು. ಅಂಥ ಪಂಡಿತನಿಗೆ ಲೋಕವು ಇದನ್ನು ಕ್ಷಮಿಸಿತು. ಎಲ್ಲರಿಗೂ ಕ್ಷಮಿಸಲಾರದು.

ನಮ್ಮ ನಾಡಿನಲ್ಲಿಯೂ 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನಂಬಿಯೇ ಪುಸ್ತಕಗಳನ್ನು ಹೊರಡಿಸಿತು. ಅದಕ್ಕೆ ಮುಂಚೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಹಣ ಮೊದಲು ಬಂದಿದ್ದರೆ ಆ ಮಹಾನುಭಾವರ ಹೆಗಲಿಗೆ ಸ್ವಲ್ಪ ವಿಶ್ರಾಂತಿಯಾದರೂ ದೊರೆಯುತ್ತಿತ್ತು. ಇತ್ತೀಚೆಗೆ ‘ಲೂಸಿಯಾ’ ಎಂಬ ಕನ್ನಡ ಚಲಚ್ಚಿತ್ರವು ನೂರಕ್ಕೂ ಹೆಚ್ಚು ಮಂದಿಯ ಮುಂಗಡ ಹಣದಿಂದ ಸಿದ್ಧವಾಗಿ 2013ರಲ್ಲಿ ತೆರೆ ಕಂಡಿತು. ಕೈಯೊಡ್ಡಿದರೆಂದು ಆಗ ಯಾರೂ ಮೂಗು ಮುರಿದಂತೆ ಕಾಣೆವು.

ಹಾಸ್ಯದ ಚಿತ್ರಪುಸ್ತಕಕ್ಕೇ ಸಂಬಂಧಿಸಿದ ನಿದರ್ಶನ ಬೇಕಾದರೆ ಅಮೆರಿಕಾ ದೇಶಕ್ಕೆ ಹೋಗಬೇಕು. ಅಲ್ಲಿ ರಿಚ್ ಬರ್ಲ್ಯೂ ಎಂಬ ಚಿತ್ರಕಾರನಿರುವನು. 2003ರಲ್ಲಿ ಆತನು ‘ದಿ ಆರ್ಡರ್ ಆಫ್ ದಿ ಸ್ಟಿಕ್’ ಎಂಬ ಚಿತ್ರಕಥೆಯನ್ನು ಅಂತರಜಾಲದಲ್ಲಿ ಆರಂಭಿಸಿದನು. ಕಡ್ಡಿಯ ಕೈಕಾಲು, ಗುಂಡನೆಯ ತಲೆ. ನಾವು ಪಾಠ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗರು ಪುಸ್ತಕದ ಅಂಚಿನಲ್ಲಿ ಬರೆಯುತ್ತಿದ್ದ ಗೊಂಬೆಗಳ ಜಾತಿಯವು. ಅಲ್ಲಿಯ ಹುಡುಗರು ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ತಾವೇ ವೀರರೂ ಮಾಂತ್ರಿಕರೂ ಆಗಿ ಆಡುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವೊಂದುಂಟು. ಆ ಆಟದ ನಿಯಮಗಳನ್ನು ಪರಿಹಾಸ ಮಾಡುವುದರಿಂದ ಈ ಕಥೆ ಹೊರಟಿತು. ಬರಬರುತ್ತ ಆ ಕಡ್ಡಿಗೊಂಬೆಗಳಿಗೆ ದುಃಖ, ಸ್ನೇಹ, ಪಶ್ಚಾತ್ತಾಪ ಎಲ್ಲವೂ ಬಂದುವು.

ಚಿತ್ರಗಳನ್ನು ಜಾಲದಲ್ಲಿ ಓದುವುದಕ್ಕೆ ಆತನು ಕಾಸೂ ಕೇಳಲಿಲ್ಲ. ಪುಸ್ತಕಗಳನ್ನು ಮಾತ್ರ 2005ರಿಂದ ತಾನೇ ಪ್ರಕಾಶಕನಾಗಿ ಅಚ್ಚು ಹಾಕಿಸಿ ಮಾರುತ್ತಿದ್ದನು. ಸ್ವಂತ ಪ್ರಕಾಶಕನ ಕಷ್ಟವೇನೆಂದರೆ, ಬಣ್ಣದ ಪುಸ್ತಕವನ್ನು ಕಡಮೆ ಪ್ರತಿಗಳಲ್ಲಿ ಅಚ್ಚು ಹಾಕಿಸಿದರೆ ಒಂದೊಂದಕ್ಕೂ ಬೀಳುವ ವೆಚ್ಚ ದುಬಾರಿ. ಸಾವಿರಗಟ್ಟಲೆ ಹಾಕಿಸೋಣವೆಂದರೆ ಹಣವೆಲ್ಲ ಒಂದೇ ಸಲ ಅಚ್ಚುಕೂಟಕ್ಕೆ ಹೋಗಿ, ಪುಸ್ತಕಗಳು ಮನೆಯ ನಡುಮನೆಯನ್ನು ಆಕ್ರಮಿಸುವುವು. ಹೀಗಾಗಿ ಹಳೆಯ ಸಂಪುಟಗಳ ಪ್ರತಿಗಳು ಮುಗಿದುಹೋದರೂ ಅವನ್ನು ಮತ್ತೆ ಅಚ್ಚು ಹಾಕಿಸಲು ಆತನಿಗೆ ಧೈರ್ಯವಾಗಲಿಲ್ಲ. ಓದುಗರು ಕೇಳುತ್ತಲೇ ಇದ್ದರು.

2012ರ ಜನವರಿಯಲ್ಲಿ ಆತನು ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ತನ್ನ ಬೇಡಿಕೆಯನ್ನು ಇಟ್ಟನು. 2009ರಲ್ಲಿ ಆರಂಭವಾದ ಆ ತಾಣದ ಕ್ರಮವು ನಮಗೆ ಮೆಚ್ಚಿಕೆಯಾದುದು. ಕೇಳುವವನು ಇಷ್ಟು ಮೊತ್ತ, ಇಷ್ಟು ದಿನ ಎಂದು ಮೊದಲೇ ಹೇಳಬೇಕು. ಅಷ್ಟರೊಳಗೆ ಆ ಮೊತ್ತ ತುಂಬದಿದ್ದರೆ ಯಾರ ಹಣವೂ ಅವರವರ ಲೆಕ್ಕದಿಂದ ಕದಲುವುದಿಲ್ಲ. ಅರ್ಧ ಹಣದಿಂದ ಅರ್ಧ ಪುಸ್ತಕ ಮಾಡುವ ಪ್ರಸಂಗವೇ ಇಲ್ಲ. ಬರ್ಲ್ಯೂ ಕೇಳಿದುದು 57,750 ಡಾಲರು; ಒಂದು ಸಂಪುಟವನ್ನು ಮತ್ತೆ ಅಚ್ಚು ಹಾಕಿಸುವುದಕ್ಕೆ. ಫೆಬ್ರವರಿ 21ರಂದು ಅವಧಿ ಮುಗಿದಾಗ ಕೂಡಿದ್ದುದು 12,54,120 ಡಾಲರು. ಕೊಟ್ಟವರು 14,952 ಮಂದಿ. ಆಗ ಆ ತಾಣದಲ್ಲಿ ಯಾವ ಚಿತ್ರಕಥೆಗೂ ಅಷ್ಟು ಹಣ ಬಂದಿರಲಿಲ್ಲ. ಜಾಲದಲ್ಲಿ ಪುಕ್ಕಟೆಯಾಗಿ ಓದಬಹುದಾದ ಕಥೆಗೆ ತಲೆಯೊಂದಕ್ಕೆ ಸರಾಸರಿ ಸುಮಾರು 84 ಡಾಲರು! ತಾಣದವರಿಗೆ ನೂರಕ್ಕೆ ಐದರಂತೆ ಸಲ್ಲತಕ್ಕ ಕೂಲಿಯೇ 62,706 ಡಾಲರು ಆಗುವುದು. ಎಂದರೆ ಆತನು ಮೊದಲು ಕೇಳಿದ್ದ ಒಟ್ಟು ಮೊತ್ತಕ್ಕಿಂತಲೂ ಅದೇ ಹೆಚ್ಚು. ಹಣ ಪಾವತಿಯನ್ನು ನಡೆಸಿಕೊಡುವ ಸಂಸ್ಥೆಯವರ ಪಾಲು ಇದರ ಮೇಲೆ ಬೇರೆ.

ಇಲ್ಲಿಗೆ ಕಥೆಯು ಮುಗಿದಿದ್ದರೆ ಅದನ್ನು ಈ ಅಂಕಣದಲ್ಲಿ ಬರೆಯುವ ಪ್ರಯೋಜನವಿರಲಿಲ್ಲ. ಹಣ ಏರಿದಂತೆಲ್ಲ ಆತನು ಕೃತಜ್ಞತೆಯಿಂದ ಹೊಸ ಹೊಸ ಮಾತುಗಳನ್ನು ಕೊಟ್ಟಿದ್ದನು: ಇಷ್ಟಾದರೆ ಮತ್ತೊಂದು ಸಂಪುಟ, ಇಷ್ಟಾದರೆ ಹೊಸದೊಂದು ಕಥೆ, ಹೆಚ್ಚು ಕೊಟ್ಟವರಿಗೆ ಕೈಯಿಂದ ಬರೆದ ಚಿತ್ರ. ಅಚ್ಚು ಹಾಕುವ ಕೆಲಸವನ್ನು ಯಂತ್ರವು ಮಾಡುವುದು. ಕಥೆಯನ್ನೂ ಚಿತ್ರವನ್ನೂ ಮಾಡಬೇಕಾದುದು ಒಂದೇ ಕೈ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಡೆದ ಗಾಜು ಆ ಕೈಯ ಹೆಬ್ಬೆರಳಿಗೆ ತಗಲಿ ಸ್ನಾಯುರಜ್ಜು ಕತ್ತರಿಸಿಹೋಯಿತು. ಕೆಲವು ತಿಂಗಳು ಚಿತ್ರ ಬರೆಯುವುದೇ ನಿಂತಿತು. ಹದಿನೈದು ಸಾವಿರ ಮನೆಗಳ ಹಣ ಬಂದಿದೆ, ಬರೆಯುವ ಬೆರಳಿಗೆ ಕಟ್ಟು ಕಟ್ಟಿದೆ! ಆ ದಿನಗಳಲ್ಲಿ ಆತನ ಮನಸ್ಸು ಹೇಗಿದ್ದಿತೆಂದು ನಾವು ಊಹಿಸಬಲ್ಲೆವು. ಆತನು ಅಡಗಿಕೊಳ್ಳಲಿಲ್ಲ, ಆದುದನ್ನು ಓದುಗರಿಗೆ ತಿಳಿಸಿದನು. ಕೈ ವಾಸಿಯಾದ ಮೇಲೆ ಪುನಃ ಕುಳಿತು ಬರೆದನು. ಮಾತುಕೊಟ್ಟ ಕಥೆಗಳಲ್ಲಿ ಕೆಲವು ಓದುಗರ ಕೈಗೆ ಬಂದುದು ವರ್ಷಗಳ ಮೇಲೆ. ಆದರೆ ಬಂದುವು.

ಅದೇ 2012ರಲ್ಲಿ ಅದೇ ತಾಣದಲ್ಲಿ ಇನ್ನೊಬ್ಬ ಚಿತ್ರಕಾರರು, ಅವರ ಹೆಸರು ಇಲ್ಲಿ ಬೇಡ, 8,000 ಡಾಲರು ಕೇಳಿ 51,000ಕ್ಕೂ ಹೆಚ್ಚು ಪಡೆದರು. ವ್ಯಸನದಲ್ಲಿಯೂ ನಗಿಸುವ ಚಿತ್ರಗಳಿಗೆ ಅವರು ಪ್ರಸಿದ್ಧರು. ಪುಸ್ತಕವು ಅಚ್ಚಾಯಿತು, ಎಷ್ಟೋ ಜನಕ್ಕೆ ತಲುಪಿತು. ಉಳಿದವನ್ನು ಕಳುಹಿಸುವುದಕ್ಕೆ ಅಂಚೆಯ ಖರ್ಚಿಗೆ ಹಣವಿಲ್ಲದಾಯಿತು. ನನ್ನ ಪುಸ್ತಕವೆಲ್ಲಿ, ನನ್ನ ಪುಸ್ತಕವೆಲ್ಲಿ ಎಂದು ಪತ್ರಗಳು ಬರತೊಡಗಿದುವು. 2014ರ ಫೆಬ್ರವರಿಯಲ್ಲಿ ಅವರು 127 ಪ್ರತಿಗಳನ್ನು ರಾಶಿ ಹಾಕಿ ಸುಟ್ಟು, ಅದರ ಚಲಚ್ಚಿತ್ರವನ್ನು ಎಲ್ಲರಿಗೂ ತೋರಿಸಿದರು. ಇನ್ನು ಮುಂದೆ ಯಾರಾದರೂ ಕೇಳಿದರೆ, ಕೇಳಿದ ಪತ್ರವೊಂದಕ್ಕೆ ಒಂದು ಪ್ರತಿಯಂತೆ ಸುಡುವುದಾಗಿಯೂ ಹೇಳಿದರು. ಜನರು ಬಹಳವಾಗಿ ನಿಂದಿಸಿದರು. ನಮಗಾದರೋ ಆ ವರ್ತಮಾನವನ್ನು ಓದಿದಾಗ ಕೋಪ ಬರಲಿಲ್ಲ. ಕಪಾಟಿನಲ್ಲಿರುವ ಪುಸ್ತಕವೊಂದು ‘ನೀನು ಕೊಟ್ಟ ಮಾತೆಲ್ಲಿ’ ಎಂದು ದಿನವೂ ಕೇಳುತ್ತಿದ್ದರೆ ಮನುಷ್ಯನು ಏನಾಗುವನೆಂಬುದನ್ನು ನಾವು ಸ್ವಲ್ಪಮಟ್ಟಿಗೆ ಬಲ್ಲೆವು.

ಏಕೆಂದರೆ ನಾವೂ ಒಮ್ಮೆ ಮುಂಗಡ ಹಣ ಪಡೆದವರೆ. 1994ರಲ್ಲಿ ನಮ್ಮ ಶಾಲೆಯ ಹತ್ತನೆಯ ತರಗತಿಯ ಮಕ್ಕಳು ಬರೆದ ಕಥೆ, ಪದ್ಯ, ನಗೆಚಿತ್ರಗಳನ್ನು ಸೇರಿಸಿ ಪುಸ್ತಕ ಮಾಡುವೆವೆಂದು ತಲೆಗೆ ಹತ್ತು ರೂಪಾಯಿಯಂತೆ ನಲವತ್ತೊಂದು ಮಕ್ಕಳಿಂದ ಹಣ ಕೂಡಿಸಿದೆವು. ಅಚ್ಚುಕೂಟದವರು ಇಂದು ನಾಳೆ ಎಂದರು. ಕಾಗದದ ಬೆಲೆ ಏರಿತು; ಕೊರತೆಯನ್ನು ನಾವು ತುಂಬಿದೆವು. ಪುಸ್ತಕವು ಕೈಗೆ ಬರುವ ವೇಳೆಗೆ ಮಕ್ಕಳು ಪರೀಕ್ಷೆ ಮುಗಿಸಿ ಎಲ್ಲೆಲ್ಲಿಗೋ ಹೋಗಿದ್ದರು. ಸೈಕಲ್ಲಿನ ಮೇಲೆ ಊರೆಲ್ಲ ತಿರುಗಿ ಮೂವತ್ತುನಾಲ್ಕು ಪ್ರತಿಗಳನ್ನು ತಲುಪಿಸಿದೆವು. ಏಳು ಉಳಿದುವು. ಹತ್ತು ರೂಪಾಯಿ ಏನು ಮಹಾ ಎಂದು ಹೇಳಿಕೊಂಡೆವು. ಆದರೂ ಕಪಾಟಿನ ಬಾಗಿಲು ತೆಗೆದಾಗಲೆಲ್ಲ ಆ ಏಳು ಬೆನ್ನುಗಳು ನಮ್ಮನ್ನೇ ನೋಡುತ್ತಿದ್ದುವು. ಹದಿನೆಂಟು ವರ್ಷಗಳ ಮೇಲೆ ಒಂದು ದಿನ ಬಸ್ ನಿಲ್ದಾಣದಲ್ಲಿ ಮೀಸೆ ಬಿಟ್ಟ ಗೃಹಸ್ಥನೊಬ್ಬನು ಬಂದು ಕಾಲಿಗೆ ನಮಸ್ಕರಿಸಿ, ಹೆಂಡತಿ ಮಕ್ಕಳನ್ನು ತೋರಿಸಿ, ನಗುತ್ತ, ‘ಮೇಷ್ಟ್ರೇ, ನನ್ನ ಪುಸ್ತಕ ಕೊಡಲೇ ಇಲ್ಲವಲ್ಲ!’ ಎಂದನು. ಅವನಿಗೆ ಅದು ಹಾಸ್ಯ. ನಾವು ಅವನನ್ನು ಮನೆಗೆ ಕರೆದುಕೊಂಡು ಹೋಗಿ ಪುಸ್ತಕವನ್ನು ಕೊಟ್ಟ ಮೇಲೆಯೇ ಆ ದಿನ ಊಟ ಮಾಡಿದುದು. ಅವನು ಬರೆದಿದ್ದ ಚಿತ್ರ ಹನ್ನೊಂದನೆಯ ಪುಟದಲ್ಲಿತ್ತು: ಕೊಡೆಯ ಕೆಳಗೆ ನಿದ್ದೆ ಹೋಗುತ್ತಿರುವ ಒಬ್ಬ ಸಂಸ್ಕೃತ ಮೇಷ್ಟ್ರು.

ಇನ್ನು ಆ ಕನ್ಯೆಗೆ ನಾಲ್ಕು ಮಾತು. ಅವಳು ಲೆಕ್ಕ ಬಲ್ಲವಳು. ಆದುದರಿಂದ ಲೆಕ್ಕದಿಂದಲೇ ಆರಂಭಿಸುವೆವು.

ಹಣ ಕೇಳುವ ಮೊದಲು ಪುಸ್ತಕವನ್ನು ತೂಗಬೇಕು. ಇನ್ನೂ ಇಲ್ಲದಿರುವ ಪುಸ್ತಕವನ್ನು ತೂಗುವುದು ಹೇಗೆಂದರೆ ಹೀಗೆ: 160 ಪುಟವೆಂದರೆ 80 ಹಾಳೆ. ಹಾಳೆಯ ಅಗಲ 148 ಮಿಲಿಮೀಟರು, ಎತ್ತರ 210 ಇರಲಿ. ಚದರ ಮೀಟರಿಗೆ 100 ಗ್ರಾಮು ತೂಗುವ ಕಾಗದವಾದರೆ ಹಾಳೆಯೊಂದಕ್ಕೆ 3 ಗ್ರಾಮಿಗೆ ಸ್ವಲ್ಪ ಮೇಲೆ. ಒಟ್ಟು ಸುಮಾರು 250 ಗ್ರಾಮು. ಬಣ್ಣ ಚೆನ್ನಾಗಿ ಕಾಣಲೆಂದು 130 ಗ್ರಾಮಿನ ನುಣುಪು ಕಾಗದವನ್ನು ಆರಿಸಿದರೆ ಅದೇ 320ರ ಮೇಲಾಗುವುದು. ರಕ್ಷಾಪತ್ರ, ರಟ್ಟು, ಮೇಲಿನ ಲಕೋಟೆ ಇವು ಬೇರೆ. ಈ ತೂಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಚೆಮನೆಗೆ ಹೋಗಿ, ಊರೊಳಗೆ ಎಷ್ಟು, ದೆಹಲಿಗೆ ಎಷ್ಟು, ಅಮೆರಿಕೆಯಲ್ಲಿರುವ ಕನ್ನಡಿಗರಿಗೆ ಎಷ್ಟು ಎಂದು ವಿಚಾರಿಸಬೇಕು. ಪರದೇಶಕ್ಕೆ ಹೋಗುವ ಪುಸ್ತಕದ ಅಂಚೆಯ ವೆಚ್ಚವು ಪುಸ್ತಕದ ಬೆಲೆಯನ್ನೇ ನುಂಗಬಲ್ಲದು. ಅದನ್ನು ಕೇಳುವವರಿಂದಲೇ ಪ್ರತ್ಯೇಕವಾಗಿ ಪಡೆಯುವುದರಲ್ಲಿ ಸಂಕೋಚವಿರಬಾರದು. ಮೇಲೆ ಹೇಳಿದ ಚಿತ್ರಕಾರರು ಬೆಂಕಿಯ ವರೆಗೆ ಹೋದುದು ಅಚ್ಚಿನ ವೆಚ್ಚದಿಂದಲ್ಲ, ಅಂಚೆಯ ವೆಚ್ಚದಿಂದ ಎಂಬುದನ್ನು ಮರೆಯಬಾರದು.

ಪುಟಗಳನ್ನು ಹದಿನಾರರ ಗುಣಕದಲ್ಲಿ ಇಡುವುದು ಲೇಸು. 160 ಸರಿಯಾಗಿ ಹತ್ತು ಫಾರಮು. ಕೊನೆಯ ಗಳಿಗೆಯಲ್ಲಿ ಮತ್ತೆರಡು ಬೆಕ್ಕಿನ ಚಿತ್ರಗಳು ಹೊಳೆದುವೆಂದು 162 ಮಾಡಹೊರಟರೆ ಅಚ್ಚಿನವರ ಮುಖ ಸಿಂಡರಿಸುವುದು. ಅವಳೇ ಪ್ರಕಾಶಕಿಯಾದುದರಿಂದ ಇನ್ನೊಂದು ಕರ್ತವ್ಯವೂ ಉಂಟು. 1954ರ ಶಾಸನದ ಪ್ರಕಾರ ಪುಸ್ತಕ ಪ್ರಕಟವಾದ ಮೂವತ್ತು ದಿನಗಳೊಳಗೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ, ಮದರಾಸು, ಮುಂಬಯಿ, ದೆಹಲಿಗಳ ನಿಯಮಿತ ಗ್ರಂಥಾಲಯಗಳಿಗೂ ತನ್ನ ಖರ್ಚಿನಿಂದಲೇ ಒಂದೊಂದು ಪ್ರತಿಯನ್ನು ಒಪ್ಪಿಸಬೇಕು. ಈ ನಾಲ್ಕು ಪ್ರತಿಗಳನ್ನು ಎಣಿಕೆಯಿಂದ ಮೊದಲೇ ತೆಗೆದಿಡಲಿ.

ಎಲ್ಲಕ್ಕಿಂತ ಮುಖ್ಯವಾದುದು ಬಾಯಿಯನ್ನು ಬಿಗಿಹಿಡಿಯುವುದು. ಹಣ ಬರುತ್ತಿರುವಾಗ ಮನುಷ್ಯನಿಗೆ ಔದಾರ್ಯ ಉಕ್ಕುವುದು. ರುಜು ಮಾಡಿ ಕೊಡುವೆನು, ನಿಮ್ಮ ಮುಖವನ್ನೇ ಚಿತ್ರದಲ್ಲಿ ಸೇರಿಸುವೆನು, ಇನ್ನೂ ಹತ್ತು ಕಥೆ ಬರೆಯುವೆನು ಎಂದೆಲ್ಲ ಹೇಳಬೇಕೆನಿಸುವುದು. ಯಂತ್ರವು ಮಾಡಬಹುದಾದುದನ್ನು ಎಷ್ಟು ಬೇಕಾದರೂ ವಾಗ್ದಾನ ಮಾಡಲಿ. ಕೈ ಮಾಡಬೇಕಾದುದನ್ನು ಕೈಬೆರಳಿನಲ್ಲಿ ಎಣಿಸುವಷ್ಟು ಮಾತ್ರ ಮಾಡಲಿ. ಚಿತ್ರಗಳೆಲ್ಲ ಮುಗಿದ ಮೇಲೆಯೇ ಹಣ ಕೇಳುವುದಾದರೆ ಇನ್ನೂ ಉತ್ತಮ. ನಾಲ್ಕೈದು ವರ್ಷಗಳ ಚಿತ್ರಗಳು ಈಗಾಗಲೇ ಸಿದ್ಧವಾಗಿರುವುದರಿಂದ ಅವಳಿಗೆ ಈ ಅನುಕೂಲವುಂಟು. ತಡವಾದರೆ, ಕೇಳುವುದಕ್ಕೆ ಮೊದಲೇ ತಾನಾಗಿ ತಿಳಿಸಬೇಕು.

ಮತ್ತೆ ಆ ತಂದೆಗಳಿಗೆ. ತಮ್ಮ ನಿವೃತ್ತಿಯ ಹಣದಿಂದ ಅಚ್ಚು ಹಾಕಿಸಿಕೊಡುವೆನೆಂದಿರಿ, ಅದು ವಾತ್ಸಲ್ಯ. ಆದರೆ ಹಾಗೆ ಅಚ್ಚಾದ ಐದುನೂರು ಪ್ರತಿಗಳಲ್ಲಿ ನಾನೂರು ತಮ್ಮ ಮಂಚದ ಕೆಳಗೆ ಇರುವುವು, ನಂಟರಿಷ್ಟರ ಮದುವೆ ಮುಂಜಿಗಳಲ್ಲಿ ಉಡುಗೊರೆಯಾಗಿ ಹೋಗುವುವು. ಓದುವವರು ಮುಂದಾಗಿ ಹಣ ಕೊಟ್ಟರೆ ಪ್ರತಿಯೊಂದು ಪುಸ್ತಕಕ್ಕೂ ಹುಟ್ಟುವ ಮೊದಲೇ ಒಂದು ಮನೆ ಗೊತ್ತಾಗಿರುವುದು. ಮಗಳು ಕೇಳುತ್ತಿರುವುದು ಇದನ್ನೆಂದು ನಮಗೆ ತೋರುತ್ತದೆ. ಹಣ ಕೂಡದಿದ್ದರೆ? ಕೂಡಲಿಲ್ಲವೆಂದು ತಿಳಿಯುವುದು, ಅಷ್ಟೆ. ಸಾಲವಿಲ್ಲ, ಮಂಚದ ಕೆಳಗೆ ಗಂಟಿಲ್ಲ. ನಗೆಚಿತ್ರವೆಂಬುದು ಹುಡುಗಾಟವಲ್ಲವೆ ಎಂದೂ ತಾವು ಪತ್ರದ ಅಂಚಿನಲ್ಲಿ ಬರೆದಿರುವಿರಿ. 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿದ ರಾಶಿಯವರು ವೃತ್ತಿಯಿಂದ ವೈದ್ಯರು, ಆರ್. ಕೆ. ಲಕ್ಷ್ಮಣರು ತಾರುಣ್ಯದಲ್ಲಿ ಆ ಪತ್ರಿಕೆಗೆ ಚಿತ್ರ ಬರೆದುಕೊಟ್ಟವರು. ಭರತಮುನಿಯೂ ಹಾಸ್ಯವನ್ನು ರಸಗಳ ಪಂಕ್ತಿಯಲ್ಲಿಯೇ ಕೂರಿಸಿರುವನು, ಜಗುಲಿಯಲ್ಲಲ್ಲ.

ತಮ್ಮ ಪತ್ರದೊಡನೆ ಇಟ್ಟಿದ್ದ ಚಿತ್ರವನ್ನು ನಮ್ಮ ಮನೆಯಲ್ಲಿ ಎಲ್ಲರೂ ನೋಡಿದರು. ಊಟದ ಮನೆಯಲ್ಲಿ ತಂದೆಯೂ ಮಗಳೂ ಎದುರುಬದುರಾಗಿ ಮಾತಿಲ್ಲದೆ ಕುಳಿತಿರುವರು. ಬೆಕ್ಕು ಇಬ್ಬರ ತಟ್ಟೆಯನ್ನೂ ನೋಡುತ್ತಿರುವುದು. ಇದನ್ನು ತಾವು ಕಳುಹಿಸಿದಿರೋ, ತಮಗೆ ತಿಳಿಯದಂತೆ ಅವಳು ಲಕೋಟೆಯೊಳಗೆ ಸೇರಿಸಿದಳೋ ನಾವು ಕೇಳುವುದಿಲ್ಲ. ಪುಸ್ತಕದ ಪ್ರಕಟಣೆ ಹೊರಟಾಗ ನಮಗೆ ಒಂದು ಕಾರ್ಡು ಬರೆಯುವುದು. ನಮ್ಮ ಹೆಸರಿನಲ್ಲಿ ಎರಡು ಪ್ರತಿಗಳು. ಒಂದು ನಮಗೆ, ಇನ್ನೊಂದು ಬಸ್ ನಿಲ್ದಾಣದಲ್ಲಿ ಸಿಕ್ಕಿದ ಆ ಶಿಷ್ಯನಿಗೆ. ಅಂಚೆಯ ವೆಚ್ಚವನ್ನು ಸೇರಿಸಿಯೇ ಹೇಳಲಿ.